ಸೊನ್ನೆಗಳನ್ನು ಬರೆಯದೆ ದಾಟಿದ ಪ್ಯಾಚ್

ಡಿಸ್ಕ್ ಇಮೇಜ್ (ಇಡೀ ಡಿಸ್ಕಿನ ವಿಷಯವನ್ನು ಹಿಡಿದಿಡುವ ಫೈಲ್) ಪರಿವರ್ತಿಸುವ ನಮ್ಮ ಸ್ಕ್ರಿಪ್ಟ್‌ಗೆ ಬಂದ ಪ್ಯಾಚ್, ಅಂದರೆ ಕೋಡ್ ತಿದ್ದುಪಡಿ, ಚಿಕ್ಕದು. ವರ್ಚುವಲ್ ಯಂತ್ರಗಳನ್ನು ನಡೆಸುವ ತಂತ್ರಾಂಶ ಕ್ಯೂಎಮುವಿನ ಇಮೇಜ್ ಕನ್ವರ್ಟ್ ಆದೇಶಕ್ಕೆ ‘ಎನ್’ (ಗುರಿಯನ್ನು ಹೊಸದಾಗಿ ಸೃಷ್ಟಿಸದೆ, ಇರುವುದಕ್ಕೇ ಬರೆ) ಮತ್ತು ‘ಟಾರ್ಗೆಟ್ ಈಸ್ ಝೀರೋ’ ಆಯ್ಕೆಗಳನ್ನು ಸೇರಿಸಿತ್ತು. ಕೆಲಸವೇನೋ ಬೇಗ ಮುಗಿಯುತ್ತಿತ್ತು. ಆದರೆ ಎರಡನೆಯದು, ಗುರಿ ಡಿಸ್ಕಿನಲ್ಲಿ ಬರೀ ಸೊನ್ನೆಗಳೇ ಇವೆ ಎಂದು ನಾವು ಕೊಡುವ ಭರವಸೆ. ಕ್ಯೂಎಮು ಅದನ್ನು ಪರೀಕ್ಷಿಸದೆ ನಂಬಿ, ಮೂಲದಲ್ಲಿ ಸೊನ್ನೆಯಿರುವ ಜಾಗಗಳನ್ನು ಬರೆಯದೆ ದಾಟುತ್ತದೆ. ಗುರಿ ಈಗಾಗಲೇ ಬಳಸಿದ ಡಿಸ್ಕ್ ಆಗಿದ್ದರೆ ಹಳೆಯ ದತ್ತಾಂಶ ಅಲ್ಲೇ ಉಳಿಯುತ್ತದೆ. ಒಬ್ಬರ ಮಾಹಿತಿ ಇನ್ನೊಬ್ಬರ ಯಂತ್ರದೊಳಗೆ! ಇದನ್ನು ಒಪ್ಪಲು ಸಾಧ್ಯವೇ ಇರಲಿಲ್ಲ.

ಪ್ಯಾಚ್‌ನ ಪರೀಕ್ಷೆ ಹೊಸ ಫೈಲಿನ ಮೇಲಷ್ಟೇ ನಡೆದಿತ್ತು. ಅಲ್ಲಿ ಈ ದೋಷ ಕಾಣುವುದೇ ಇಲ್ಲ. ಹಾಗಾಗಿ ಗುರಿಯ ಪ್ರತಿ ಬೈಟಿನಲ್ಲೂ 255 ತುಂಬಿ, ಪರಿವರ್ತಿಸಿ, ‘ಕಂಪೇರ್’ ಆದೇಶದಿಂದ ಮೂಲದೊಂದಿಗೆ ಹೋಲಿಸಿದೆ. ಎರಡೂ ಬೇರೆ ಎಂದು ಕೂಡಲೇ ಗೊತ್ತಾಯಿತು. ಈಗ ಆ ಆಯ್ಕೆ, ಆಗಷ್ಟೇ ಸೃಷ್ಟಿಸಿದ ಖಾಲಿ ಇಮೇಜ್‌ಗೆ ಮಾತ್ರ. ಈ ಪರೀಕ್ಷೆಯನ್ನೂ ಕಾಯಂ ಆಗಿ ಸೇರಿಸಿದ್ದೇವೆ.

ಪ್ಯಾಚ್‌ನ ವಿವರಣೆಯಲ್ಲಿ, ‘ಎಸ್’ ಆಯ್ಕೆಗೆ (ಸತತವಾಗಿ ಎಷ್ಟು ಬೈಟ್ ಸೊನ್ನೆಯಿದ್ದರೆ ಆ ಜಾಗವನ್ನು ಬರೆಯದೆ ಬಿಡಬೇಕು ಎಂಬ ಅಳತೆ) 0 ಕೊಟ್ಟರೆ ಜಾಗ ಹೆಚ್ಚು ಉಳಿಯುತ್ತದೆ ಎಂದಿತ್ತು. ನಡೆಯುವುದು ತದ್ವಿರುದ್ಧ: 0 ಕೊಟ್ಟರೆ ಸೊನ್ನೆಗಳನ್ನು ಹುಡುಕುವುದೇ ಇಲ್ಲ, ಇಮೇಜ್ ಪೂರ್ತಿ ಜಾಗ ಹಿಡಿಯುತ್ತದೆ. ಏನೂ ಕೊಡದಿದ್ದರೆ ಆ ಅಳತೆ 4 ಕಿಲೋಬೈಟ್. ಆ ಸಾಲನ್ನೂ ತಿದ್ದಿಸಿದೆ.