18 ತುಂಬುವ ಮೊದಲೇ ಈ ಕಾಗದಪತ್ರ ಮಾಡಿಸಿ

ಬುದ್ಧಿಮಾಂದ್ಯತೆ ಇರುವ ಮಗು ಮನೆಯಲ್ಲಿದ್ದರೆ ಅಪ್ಪ ಅಮ್ಮನಿಗೆ ಒಂದು ಚಿಂತೆ ಬಿಡುವುದೇ ಇಲ್ಲ: ನಾವು ಹೋದಮೇಲೆ ಇವನಿಗೆ ಯಾರು? ಇದರ ಜೊತೆಗೆ ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಮಗನಿಗೆ 18 ತುಂಬಿತು ಅಂದರೆ ಕಾನೂನಿನ ಪ್ರಕಾರ ಹೆತ್ತವರು ತಾವಾಗಿಯೇ ಪೋಷಕರಾಗಿ (ಗಾರ್ಡಿಯನ್) ಉಳಿಯುವುದಿಲ್ಲ. ಅವನ ಹೆಸರಿನ ಖಾತೆಯಿಂದ ದುಡ್ಡು ತೆಗೆಯಲು ಹೋದರೆ ಬ್ಯಾಂಕಿನವರು ಪೋಷಕತ್ವದ ಪತ್ರ ಕೇಳುತ್ತಾರೆ.

ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಮೇಲೆ ಆಸ್ಪತ್ರೆಯಲ್ಲಿ ತಪಾಸಣೆ. ಬೆಳಗ್ಗೆಯೇ ಹೋಗಿ, ಮಗುವಿಗೆ ತಿಂಡಿ ತಿನ್ನಿಸಿಯೇ ಕರೆದುಕೊಂಡು ಹೋಗಿ. ಹಸಿದ ಮಗು ಹೊಸ ಕೋಣೆಯಲ್ಲಿ ಬಾಯಿಯೇ ಬಿಡುವುದಿಲ್ಲ. ಅಲ್ಲಿ ನಿಮ್ಮನ್ನೂ ಪ್ರಶ್ನೆ ಕೇಳುತ್ತಾರೆ. "ಶರ್ಟಿನ ಗುಂಡಿ ತಾನೇ ಹಾಕ್ಕೊಳ್ತಾನಾ?" ಅಂದಾಗ ಅಮ್ಮಂದಿರು ಥಟ್ಟನೆ "ಹೂಂ, ಹಾಕ್ಕೊಳ್ತಾನೆ" ಅಂದುಬಿಡುತ್ತಾರೆ. ಆದರೆ ದಿನಾ ಕಾಜಾ ಹಿಡಿದು ಕೊಡುವವರು ಅವರೇ ಅಲ್ವಾ? ಅದನ್ನೂ ಹೇಳಿ. ಮಗನನ್ನು ಬಿಟ್ಟುಕೊಡಬಾರದು ಅಂತ ಮನಸ್ಸು ಎಳೆಯುತ್ತದೆ, ನಿಜ. ಆದರೆ ವೈದ್ಯರು ಅಂಗವೈಕಲ್ಯದ ಪ್ರಮಾಣ ಶೇ 40ಕ್ಕಿಂತ ಕಡಿಮೆ ಅಂತ ಬರೆದರೆ ಹೆಚ್ಚಿನ ಸೌಲಭ್ಯಗಳು ಸಿಗುವುದಿಲ್ಲ.

ಕಾರ್ಡ್ ಬಂದ ಮೇಲೆ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿ ಖರ್ಚೂ ಅದರಲ್ಲಿ ಸೇರುತ್ತದೆ. ಆದಾಯ ತೆರಿಗೆ ಕಟ್ಟುವವರು ಹಳೇ ಪದ್ಧತಿಯಲ್ಲಿದ್ದರೆ ಅಂಗವಿಕಲರನ್ನು ನೋಡಿಕೊಳ್ಳುವ ಮನೆಯವರಿಗೆ ಸಿಗುವ ವಿನಾಯಿತಿ (1961ರ ಕಾಯ್ದೆಯಲ್ಲಿ 80ಡಿಡಿ) ಮರೆಯಬೇಡಿ.

ಇನ್ನು ಪೋಷಕತ್ವ. ಇದಕ್ಕೆ, ಬುದ್ಧಿಮಾಂದ್ಯತೆಯಂಥ ತೊಂದರೆ ಇರುವವರಿಗಾಗಿ ಮಾಡಿದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿ ಇದೆ. 18 ತುಂಬುತ್ತಿದ್ದಂತೆ ಅಲ್ಲಿಗೆ ಅರ್ಜಿ ಕೊಡಿ, ದಾಖಲೆಗಳನ್ನು ಮಾತ್ರ ಮೊದಲೇ ಜೋಡಿಸಿಟ್ಟುಕೊಳ್ಳಿ. ಪತ್ರ ಸಿಕ್ಕಿದ 6 ತಿಂಗಳೊಳಗೆ ಮಗನ ಆಸ್ತಿಪಾಸ್ತಿ, ಬಾಕಿ ಎಲ್ಲದರ ಪಟ್ಟಿ ಸಮಿತಿಗೆ ಕೊಡಬೇಕು, ಆಮೇಲೆ ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು.

ನಿಮ್ಮ ನಂತರ ಯಾರು ಅನ್ನುವುದನ್ನೂ ಈಗಲೇ ಮಾತಾಡಿ. ಅಕ್ಕನೋ ತಮ್ಮನೋ ಹೇಗೂ ನೋಡಿಕೊಳ್ತಾರೆ ಅಂತ ಸುಮ್ನೆ ಅಂದುಕೊಳ್ಳಬೇಡಿ. ಅವರನ್ನು ಕೂರಿಸಿಕೊಂಡು ಕೇಳಿ, ಆಗಲ್ಲ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಅವರು ಚಿಕ್ಕವರಿದ್ದಾಗಿನಿಂದ ನಿಮ್ಮ ಸಮಯವನ್ನು ಹಂಚಿಕೊಂಡೇ ಬೆಳೆದವರು.

ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ. ಅರ್ಜಿ ತುಂಬಲು ಅವರ ಸಹಾಯ ಕೇಳಿ, ಅದು ಅವರ ಕೆಲಸವೇ.