ಉತ್ಸವದ ಸ್ಯಾಕ್ಸೋಫೋನಿನಿಂದ ಪಬ್ಬಿನ ಕ್ಲಾರಿಯೋನೆಟ್‌ವರೆಗೆ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಾನು ನುಡಿಸುವ ಟ್ರ್ಯಾಡ್ ಜಾಝ್ (ನ್ಯೂ ಆರ್ಲಿಯನ್ಸ್‌ನ ಹಳೆಯ ಶೈಲಿಯ ಜಾಝ್) ತಂಡದಲ್ಲಿ ಕಾಲೇಜಿನಲ್ಲಿ ಸಂಗೀತ ಕಲಿತವರು ಒಬ್ಬರೂ ಇಲ್ಲ. ಟ್ರಂಪೆಟ್ಟಿನಂಥ ಕಾರ್ನೆಟ್ ಊದುವವರು ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯ ಬ್ಯಾಂಡಿನಲ್ಲಿ ಸ್ತೋತ್ರಗೀತೆ ನುಡಿಸುತ್ತ ಬೆಳೆದವರು. ಜಾರು ಕೊಳವೆಯ ಟ್ರೊಂಬೋನಿನವರು ಕಲ್ಲಿದ್ದಲು ಗಣಿಯ ಬ್ರಾಸ್ (ಹಿತ್ತಾಳೆ ವಾದ್ಯಗಳ) ಬ್ಯಾಂಡಿನವರು. ಗಣಿ ಮುಚ್ಚಿತು, ಉಸಿರಿನ ಶಿಸ್ತು ಉಳಿಯಿತು. ಬ್ಯಾಂಜೋದವರು ಐವತ್ತರ ದಶಕದ ಸ್ಕಿಫಲ್ (ಅಗ್ಗದ ವಾದ್ಯಗಳ ಜನಪದ ಹಾಡು) ಹುಚ್ಚಿನಲ್ಲಿ ತಂತಿ ಮುಟ್ಟಿದ ಹುಡುಗ, ಈಗ ಮುತ್ತಜ್ಜ. ನಾನು ದಕ್ಷಿಣ ಕನ್ನಡದ ದೇವಸ್ಥಾನಗಳ ಉತ್ಸವಕ್ಕೆ ಸ್ಯಾಕ್ಸೋಫೋನ್ ನುಡಿಸುವ ಮನೆಯವನು.

ಈ ಸಂಗೀತ ಹುಟ್ಟಿದ್ದೇ ಇಂಥ ಕೂಟಗಳಲ್ಲಿ. ನ್ಯೂ ಆರ್ಲಿಯನ್ಸ್‌ನ ಬ್ಯಾಂಜೋ ವಾದಕ ಜಾನಿ ಸೇಂಟ್ ಸಿರ್ ಗೋಡೆಗೆ ಗಾರೆ ಮಾಡುತ್ತಿದ್ದವರು, ಕ್ಲಾರಿಯೋನೆಟ್‌ನ ಜಾರ್ಜ್ ಲೂಯಿಸ್ ಬಂದರಿನ ಹಮಾಲಿ. ಇಂಗ್ಲೆಂಡಿನಲ್ಲೂ ಹಾಗೆಯೇ. ಕ್ಲಾರಿಯೋನೆಟ್‌ನ ಆಕರ್ ಬಿಲ್ಕ್ ಕಮ್ಮಾರಿಕೆ ಮಾಡಿದವರು. ಟ್ರಂಪೆಟ್‌ನ ಹಂಫ್ರಿ ಲಿಟಲ್‌ಟನ್ ಸಿರಿವಂತರ ಈಟನ್ ಶಾಲೆಯಲ್ಲಿ ಓದಿದ ಸೇನಾಧಿಕಾರಿ. ಟ್ರಂಪೆಟ್‌ನವರೇ ಆದ ಕೆನ್ ಕಾಲ್ಯರ್ ಸರಕು ಹಡಗಿನಲ್ಲಿ ದುಡಿಯುತ್ತ ನ್ಯೂ ಆರ್ಲಿಯನ್ಸ್ ಸೇರಿ, ವೀಸಾ ಅವಧಿ ಮೀರಿ ಉಳಿದದ್ದಕ್ಕೆ ಜೈಲು ಕಂಡು 1953ರಲ್ಲಿ ಮರಳಿದರು.

ನನ್ನ ತೊಡಕು ವಾದ್ಯದ್ದು. ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ ಕದ್ರಿ ಗೋಪಾಲನಾಥರ ದಯೆಯಿಂದ ನಮ್ಮೂರಿನಲ್ಲಿ ಸ್ಯಾಕ್ಸೋಫೋನ್ ನಾಗಸ್ವರದ ಪಕ್ಕದಲ್ಲೇ ಕುಳಿತಿದೆ. ದೇವರ ಬಲಿ ಸುತ್ತು ಬರುವಾಗ ಅದನ್ನು ಪರದೇಶಿ ಎಂದು ಯಾರೂ ನೋಡುವುದಿಲ್ಲ. ಇಲ್ಲಿನ ಕಟ್ಟಾ ಟ್ರ್ಯಾಡ್ ರಸಿಕರಿಗೆ ಮಾತ್ರ ಅದು ಹೊಸಬರ ವಾದ್ಯ. 1953ರಲ್ಲಿ ಲಿಟಲ್‌ಟನ್ ತಮ್ಮ ತಂಡಕ್ಕೆ ಆಲ್ಟೋ ಸ್ಯಾಕ್ಸೋಫೋನಿನ ಬ್ರೂಸ್ ಟರ್ನರ್ ಅವರನ್ನು ಸೇರಿಸಿಕೊಂಡಾಗ ಬರ್ಮಿಂಗ್‌ಹ್ಯಾಮಿನ ಸಭೆಯಲ್ಲಿ 'ಮನೆಗೆ ಹೋಗು' ಎಂಬ ಬ್ಯಾನರ್ ಬಿಚ್ಚಿದ್ದರು. ದೇವರಿಗಿಲ್ಲದ ಮಡಿ ಪಬ್ಬಿಗೆ! ನಗು ಬಂದರೂ ಕ್ಲಾರಿಯೋನೆಟ್ ಕೊಂಡೆ.

ಊದುವ ಬಗೆ ಹತ್ತಿರದ್ದು, ಬೆರಳಿನ ಲೆಕ್ಕ ಬೇರೆ. ಸ್ಯಾಕ್ಸೋಫೋನಿನಲ್ಲಿ ಹೆಬ್ಬೆರಳಿನ ಕೀಲಿ ಒತ್ತಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರುತ್ತದೆ. ಕ್ಲಾರಿಯೋನೆಟ್‌ನಲ್ಲಿ ಷಡ್ಜಕ್ಕೆ ಹಿಡಿದ ಬೆರಳು ಕೀಲಿ ಒತ್ತಿದಾಗ ಮೇಲಿನ ಸ್ಥಾಯಿಯ ಪಂಚಮ ಕೊಡುತ್ತದೆ. ಹಾಗಾಗಿ ಮೊದಲು ರಾಗ ಮುಟ್ಟಲಿಲ್ಲ. ಎರಡು ಸ್ಥಾಯಿಗಳ ನಡುವಿನ ಸೇತುವೆಯಾದ ನಾಲ್ಕಾರು ಸ್ವರಗಳನ್ನೇ ನಿಧಾನವಾಗಿ ಏರಿಸಿ ಇಳಿಸಿದೆ. ರಂಧ್ರಗಳನ್ನು ಬೆರಳ ತುದಿಯಿಂದಲೇ ಮುಚ್ಚಬೇಕಾದ್ದರಿಂದ ಕೂದಲೆಳೆಯಷ್ಟು ಸಂದು ಉಳಿದರೂ ವಾದ್ಯ ಕಿರುಚುತ್ತದೆ.

ತಾಳದಲ್ಲಿ ಕಷ್ಟವಾಗಲಿಲ್ಲ. ಮೂವತ್ತೆರಡು ಬಾರ್‌ಗಳ (ಒಂದು ಬಾರ್‌ಗೆ ನಾಲ್ಕು ಎಣಿಕೆ) ಹಾಡು ಎಂದರೆ ನನಗೆ ಆದಿತಾಳದ ಹದಿನಾರು ಆವರ್ತನ, ಹನ್ನೆರಡು ಬಾರ್‌ಗಳ ಬ್ಲೂಸ್ (ಕಪ್ಪು ಅಮೆರಿಕನ್ನರ ಹಾಡಿನ ಬಗೆ) ಎಂದರೆ ಆರು. ಬೇರೆಯವರು ಬಾರ್ ಎಣಿಸುವಾಗ ನಾನು ತೊಡೆಯ ಮೇಲೆ ಬೆರಳು ಮಡಚುತ್ತೇನೆ.

ಬಹಳ ಕಾಲ ಬೇಡಿದ್ದು ಪಕ್ಕವಾದ್ಯದ ಸ್ವಭಾವ ಬಿಡುವುದು. ನಮ್ಮ ಕಚೇರಿಯಲ್ಲಿ ಪಿಟೀಲು ಗಾಯಕನ ನೆರಳು. ಅವನ ಸಂಗತಿಯನ್ನೇ ಹಿಡಿದು ಹೋಗುವುದು ಅದರ ಜಾಣ್ಮೆ. ಇಲ್ಲಿ ಕಾರ್ನೆಟ್ ಹಾಡನ್ನು ಹೇಳುತ್ತದೆ, ಟ್ರೊಂಬೋನ್ ಕೆಳಗಿನಿಂದ ಜಾರುತ್ತ ಒಂದು ಸ್ವರಮೇಳದಿಂದ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಮುಂದಿನದಕ್ಕೆ ದಾರಿ ತೋರಿಸುತ್ತದೆ, ಕ್ಲಾರಿಯೋನೆಟ್ ಮೇಲೆ ಬೇರೆಯದೇ ಗೆರೆ ಎಳೆಯಬೇಕು. ಅದಕ್ಕೆ ಮನೆಯಲ್ಲಿ ಬ್ಯಾಂಜೋದ ಧ್ವನಿಮುದ್ರಣ ಮಾತ್ರ ಹಾಕಿಕೊಂಡು, ಹಾಡನ್ನು ಮನಸ್ಸಿನಲ್ಲೇ ಹಾಡುತ್ತ, ಪ್ರತಿ ಸ್ವರಮೇಳದ ಮೂರು ಸ್ವರಗಳನ್ನಷ್ಟೇ ಬಿಡಿಸಿ ನುಡಿಸಿದೆ. ಆಮೇಲೆ ಕಾರ್ನೆಟ್ ಉದ್ದ ಸ್ವರ ಹಿಡಿದಾಗ ಓಡುವುದು, ಅದು ಓಡಿದಾಗ ನಿಲ್ಲುವುದು. ನಿಲ್ಲುವುದೇ ಹೆಚ್ಚು ಕಷ್ಟ.

ಗಮಕಕ್ಕೆ ಬ್ಲೂಸ್‌ನಲ್ಲಿ ಜಾಗ ಸಿಕ್ಕಿತು. ಅಲ್ಲಿನ ಗಾಂಧಾರ ಸಾಧಾರಣವೂ ಅಲ್ಲ, ಅಂತರವೂ ಅಲ್ಲ, ನಡುವೆ ತೂಗುತ್ತದೆ. ಅದನ್ನು ತುಟಿಯಿಂದ ಎಳೆಯಲು ನನಗೆ ಯಾರೂ ಕಲಿಸಬೇಕಾಗಲಿಲ್ಲ. ಆದರೆ ಮೂವರೂ ಒಟ್ಟಿಗೆ ನುಡಿಸುವಾಗ ಹಾಗೆ ಎಳೆದರೆ ಟ್ರೊಂಬೋನಿಗೆ ಬಡಿಯುತ್ತದೆ. ಅದಕ್ಕೇ ಗಣಿಯವರು ಷರತ್ತು ಹಾಕಿದ್ದಾರೆ: ಎಳೆದಾಟವೆಲ್ಲ ನಾನೊಬ್ಬನೇ ನುಡಿಸುವ ನನ್ನ ಸರದಿಯ ಸೋಲೋದಲ್ಲಿ, ಅದೂ ನಿಧಾನಗತಿಯ ಹಾಡುಗಳಲ್ಲಿ ಮಾತ್ರ.