ಅಮೃತಬಳ್ಳಿಯನ್ನು ಪುಡಿಗೆ ಹಾಕುವ ಮೊದಲು

ತುಮಕೂರಿನಲ್ಲಿ ನಮ್ಮದು ಚಿಕ್ಕ ಆಯುರ್ವೇದ ಔಷಧಿ ಘಟಕ. ಚೂರ್ಣಗಳೇ ಜಾಸ್ತಿ. ಬರುವ ಮೂಲಿಕೆಗಳ ಪರೀಕ್ಷೆ ನನ್ನ ಕೆಲಸ. ತಯಾರಾದ ಪುಡಿಯನ್ನು ಲ್ಯಾಬಿಗೆ ಕಳಿಸಿ ವರದಿ ತರಿಸಿಕೊಂಡರೆ ಸಾಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಷ್ಟೊತ್ತಿಗೆ ತಡವಾಗಿರುತ್ತದೆ. ಮೂಟೆ ಬಿಚ್ಚಿದಾಗಲೇ ನೋಡಬೇಕು.

ಅಮೃತಬಳ್ಳಿಯನ್ನೇ ತಗೊಳ್ಳಿ. ನಮ್ಮ ಕಡೆ ಹೊಲದ ಬೇಲಿ, ಬೇವಿನ ಮರ ಎಲ್ಲೆಂದರಲ್ಲಿ ಹಬ್ಬಿರುತ್ತದೆ. ಒಣಗಿದ ತುಂಡನ್ನು ಅಡ್ಡ ಕೊಯ್ದರೆ ಗಾಡಿ ಚಕ್ರದ ಕಡ್ಡಿಗಳಂತೆ ನಡುವಿನಿಂದ ಅಂಚಿಗೆ ಗೆರೆಗಳು ಕಾಣಬೇಕು. ಎಲೆ ಸಿಕ್ಕರೆ ಹಿಂಬದಿ ಸವರಿ ನೋಡುತ್ತೇನೆ. ರೋಮ ತಾಗಿದರೆ ಅದು ಟಿನೋಸ್ಪೋರಾ ಸೈನೆನ್ಸಿಸ್ ಎಂಬ ಬೇರೆ ಜಾತಿ, ನಮಗೆ ಬೇಕಾದ ಅಮೃತಬಳ್ಳಿ (ಟಿನೋಸ್ಪೋರಾ ಕಾರ್ಡಿಫೋಲಿಯಾ) ಅಲ್ಲ. ಅಮೃತಬಳ್ಳಿ ಸುರಕ್ಷಿತ, ಆದರೆ ಅದರಂತೆಯೇ ಕಾಣುವ ಟಿನೋಸ್ಪೋರಾ ಕ್ರಿಸ್ಪಾ ವಿಷಕಾರಿಯಾಗಬಹುದು ಅಂತ 2022ರಲ್ಲಿ ಆಯುಷ್ ಸಚಿವಾಲಯವೇ ಹೇಳಿತ್ತು. ಪುಡಿ ಮಾಡಿದ ಮೇಲೆ ಇದನ್ನೆಲ್ಲ ಬರಿಗಣ್ಣಿನಲ್ಲಿ ಹೇಗೆ ಗುರುತಿಸುತ್ತೀರಿ?

ಆಮೇಲೆ ಬೂದಿ ಪರೀಕ್ಷೆ. ನನಗೆ ಹೆಚ್ಚು ನಂಬಿಕೆ ಇರುವುದು ಇದರ ಮೇಲೆಯೇ. ಎರಡು ಮೂರು ಗ್ರಾಂ ಪುಡಿಯನ್ನು ಸಿಲಿಕಾ ಬಟ್ಟಲಿನಲ್ಲಿ 450 ಡಿಗ್ರಿ ದಾಟದಂತೆ ಸುಡಬೇಕು, ಕರಿ ಪೂರ್ತಿ ಹೋಗುವವರೆಗೆ. ಔಷಧಿಗಳ ಗುಣಮಟ್ಟ ಹೇಳುವ ಸರ್ಕಾರಿ ಗ್ರಂಥ ಆಯುರ್ವೇದ ಫಾರ್ಮಾಕೋಪಿಯಾ ಪ್ರಕಾರ ಬೂದಿ ಪುಡಿಯ ತೂಕದ ಶೇ. 16 ಮೀರಬಾರದು. ಅದೇ ಬೂದಿಯನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಐದು ನಿಮಿಷ ಕುದಿಸಿ ಸೋಸುತ್ತೇನೆ. ಗಿಡದ ಸುಣ್ಣದಂಶ ಕರಗಿ ಹೋಗುತ್ತದೆ, ಮರಳು ಕರಗುವುದಿಲ್ಲ. ಹಾಗೆ ಉಳಿಯುವುದು ಮೊದಲು ತಗೊಂಡ ಪುಡಿಯ ತೂಕದ ಶೇ. 3ರೊಳಗೆ ಇರಬೇಕು.

ಒಮ್ಮೆ ಒಬ್ಬ ವ್ಯಾಪಾರಿ ತಂದ ಮಾಲು ಕಣ್ಣಿಗೆ ಚೊಕ್ಕವಾಗಿತ್ತು. ಸೋಸಿದ ಮೇಲೆ ಉಳಿದದ್ದನ್ನು ಗಾಜಿನ ಕಡ್ಡಿಯಿಂದ ಒತ್ತಿದರೆ ಕರಕರ ಅಂತು. ಲೆಕ್ಕ 3 ದಾಟಿತ್ತು.

"ಮಣ್ಣು ತಾನೇ ಸಾರ್, ಜರಡಿ ಹಿಡಿದ್ರೆ ಹೋಗುತ್ತೆ ಬಿಡಿ" ಅಂದರು.

ಹೋಗುವುದಿಲ್ಲ. ಹಸಿ ತುಂಡನ್ನು ರಸ್ತೆ ಮೇಲೆ ಹರವಿದರೆ ಕೊಯ್ದ ಜಾಗದ ಅಂಟಿಗೆ ದೂಳು ಕಚ್ಚಿಕೊಂಡು ಅಲ್ಲೇ ಒಣಗುತ್ತದೆ. ಮಾಲು ವಾಪಸ್ ಕಳಿಸಿದೆವು. ತುಂಡು ಮಾಡುವ ಮೊದಲೇ ತೊಳೆಯಿರಿ, ನೆಲದಿಂದ ಎತ್ತರಕ್ಕೆ ಬಲೆ ಕಟ್ಟಿ ಒಣಗಿಸಿ, ಕಿಲೋಗೆ ಸ್ವಲ್ಪ ಜಾಸ್ತಿ ಕೊಡುತ್ತೇವೆ ಅಂದೆವು. ಶ್ರಮ ಅವರದು, ದುಡ್ಡು ಕೊಡಲೇಬೇಕು ಅಲ್ವಾ? ಈಗ ಅವರ ಮಾಲು 3ರೊಳಗೇ ಬರುತ್ತಿದೆ.

ನೀರಿನಲ್ಲಿ ಕರಗುವ ಸಾರ ಶೇ. 11ಕ್ಕಿಂತ ಕಡಿಮೆ ಇರಬಾರದು. ಸತ್ವ ತೆಗೆದುಬಿಟ್ಟ ಕಡ್ಡಿಯನ್ನು ಒಣಗಿಸಿ ತಂದರೂ ನೋಡಲು ಬಳ್ಳಿಯೇ. ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಸೀಸ (10 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 10 ಭಾಗ), ಆರ್ಸೆನಿಕ್ (3), ಪಾದರಸ (1), ಕ್ಯಾಡ್ಮಿಯಂ (0.3) ಇವುಗಳ ಮಿತಿ ನೋಡುವ ಯಂತ್ರ ನಮ್ಮಲ್ಲಿಲ್ಲ, ಹೊರಗೆ ಕಳಿಸುತ್ತೇವೆ.

ಪಾಸಾದ ಮೂಟೆಗಳಲ್ಲೂ ಸಾರ ಒಂದೇ ಸಮ ಇರುವುದಿಲ್ಲ. ಹೋದ ತಿಂಗಳು ಕೊಂಡ ಡಬ್ಬಿಯೂ ಈ ತಿಂಗಳದ್ದೂ ಒಂದೇ ಥರ ಇರಲಿ ಅಂತ ಪಾಸಾದ ಮೂಟೆಗಳನ್ನು ಬೆರೆಸಿಯೇ ಪುಡಿ ಮಾಡುತ್ತೇವೆ. ಫೇಲಾದ ಮೂಟೆಯನ್ನು ಒಳ್ಳೆಯದಕ್ಕೆ ಸೇರಿಸಿ ಸರಾಸರಿ ಸರಿ ಮಾಡುವುದಕ್ಕೆ ಮಾತ್ರ ನಾನು ಬಿಡುವುದಿಲ್ಲ.